ಹೆಂಗಸರ ಹೃದಯ: ಇಸಿಜಿ ಕೋಣೆಯಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ಬೆಂಗಳೂರಿನಲ್ಲಿ 28 ವರ್ಷ ಇಸಿಜಿ, ಅಂದರೆ ಹೃದಯದ ಬಡಿತವನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ, ತೆಗೆಯುವ ಕೆಲಸ ಮಾಡಿದವಳು ನಾನು. ಡಾಕ್ಟರಲ್ಲ, ಟೆಕ್ನಿಷಿಯನ್. ಡಾಕ್ಟರ ಮುಂದೆ ಬಾಯಿ ಬಿಡದ ಹೆಂಗಸರು ಪರದೆ ಎಳೆದ ಮೇಲೆ, ಸೆರಗು ಸರಿಮಾಡಿಕೊಳ್ಳುತ್ತಾ, ಮೆಲ್ಲಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ನಿವೃತ್ತಿಯಾಗಿ ಹನುಮಂತನಗರದಲ್ಲಿದ್ದೇನೆ. ಪಾರ್ಕಿನಲ್ಲಿ, ಭಜನೆ ಮುಗಿದ ಮೇಲೆ, ತರಕಾರಿ ಗಾಡಿಯ ಹತ್ತಿರ ಈಗಲೂ ಅವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟಿದ್ದೇನೆ. ಇದನ್ನು ಓದಿ ಮನೆಯಲ್ಲೇ ಔಷಧಿ ಮಾಡಿಕೊಳ್ಳಲಿ ಎಂದಲ್ಲ, ಹೋಗಬೇಕಾದವರು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗಲಿ ಎಂದು.

ಹಾರ್ಟ್ ಅಟ್ಯಾಕ್ ಗಂಡಸರಿಗೆ ತಾನೇ ಬರೋದು?

ನಮಗೂ ಬರುತ್ತದೆ. 2019ರಲ್ಲಿ ಜಗತ್ತಿನಾದ್ಯಂತ ತೀರಿಕೊಂಡ ಹೆಂಗಸರಲ್ಲಿ ನೂರಕ್ಕೆ 35 ಮಂದಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಲೇ ತೀರಿಕೊಂಡರು. ಪಾರ್ಶ್ವವಾಯುವೂ ಈ ಲೆಕ್ಕದಲ್ಲೇ ಸೇರಿದೆ. ಎಲ್ಲ ಬಗೆಯ ಕ್ಯಾನ್ಸರನ್ನು ಒಟ್ಟು ಮಾಡಿದರೂ ಅಷ್ಟಾಗುವುದಿಲ್ಲ. ಆದರೂ ‘ಹೆಂಗಸರ ಕಾಯಿಲೆ’ ಅಂದ ತಕ್ಷಣ ನಮಗೆ ಗರ್ಭಕೋಶ, ಸ್ತನ, ಥೈರಾಯ್ಡ್ ನೆನಪಾಗುತ್ತವೆಯೇ ಹೊರತು ಹೃದಯ ನೆನಪಾಗುವುದಿಲ್ಲ.

ಈ ತಪ್ಪು ತಿಳಿವಳಿಕೆಗೂ ಒಂದು ಕಾರಣವಿದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ಹೆಂಗಸರಿಗೆ ಮೊದಲ ಅಟ್ಯಾಕ್ ಗಂಡಸರಿಗಿಂತ ಸರಾಸರಿ 9 ವರ್ಷ ತಡವಾಗಿ ಬರುತ್ತದೆ. ‘ತಡವಾಗಿ ಬರುತ್ತೆ’ ಅನ್ನುವ ಮಾತನ್ನು ನಾವು ‘ಬರೋದೇ ಇಲ್ಲ’ ಅಂತ ಕೇಳಿಸಿಕೊಂಡುಬಿಟ್ಟಿದ್ದೇವೆ. ಭಾರತವೂ ಸೇರಿದ ದಕ್ಷಿಣ ಏಷ್ಯಾದವರಿಗೆ ಉಳಿದ ಬಹುತೇಕ ದೇಶದವರಿಗಿಂತ ಬೇಗನೆ ಬರುತ್ತದೆ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡ ಮಾತು. ಸಕ್ಕರೆ ಕಾಯಿಲೆ ಇದ್ದರಂತೂ ಹೆಂಗಸು ಅನ್ನುವ ರಿಯಾಯಿತಿ ಬಹುಪಾಲು ಹೋದಂತೆಯೇ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಮುಂದಿನ ಕೆಲವು ವಾರ ಊರಲ್ಲಿರುವ ಹೃದಯದ ಆಸ್ಪತ್ರೆಗಳಲ್ಲೆಲ್ಲ ಚೆಕಪ್‌ಗೆ ಸಾಲು. ನನ್ನ ಕೋಣೆಯ ಮುಂದೆಯೂ ಬೆಂಚು ಸಾಲುತ್ತಿರಲಿಲ್ಲ. ಗಂಡ ಒಳಗೆ ಮಂಚದ ಮೇಲೆ, ಹೆಂಡತಿ ಬಾಗಿಲಲ್ಲಿ ಅವನ ಫೈಲು, ಅಂಗಿ, ವಾಚು ಹಿಡಿದುಕೊಂಡು. ‘ನಿಮ್ಮದೂ ಒಂದು ತೆಗೆದುಬಿಡಲಾ ಅಮ್ಮಾ?’ ಅಂದರೆ, ‘ಅಯ್ಯೋ, ನನಗೇನಾಗಿದೆ!’ ಅವರಲ್ಲಿ ಎಷ್ಟೋ ಜನ ಎರಡು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

ಹೆಂಗಸರಿಗೆ ಎದೆನೋವು ಬರೋದೇ ಇಲ್ಲವಂತೆ, ಬೇರೆ ಲಕ್ಷಣ ಇರುತ್ತಂತೆ. ನಿಜವಾ?

ಅರ್ಧ ನಿಜ. ಹೆಂಗಸರಲ್ಲೂ ಎದೆನೋವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಲಕ್ಷಣ. ಆದರೆ ಅವರು ಅದನ್ನು ‘ನೋವು’ ಅನ್ನುವುದಿಲ್ಲ. ನನ್ನ ಕಿವಿಗೆ ಬಿದ್ದ ಮಾತುಗಳನ್ನೇ ಹೇಳುತ್ತೇನೆ: ‘ಎದೆ ಮೇಲೆ ರುಬ್ಬುಗುಂಡು ಇಟ್ಟ ಹಾಗೆ’, ‘ರವಿಕೆ ಬಿಗಿಯಾದ ಹಾಗೆ’, ‘ಎದೆ ಹಿಡಕೊಂಡಿದೆ’, ‘ಒಳಗೆ ಏನೋ ಸಂಕಟ’, ‘ಉರಿ’. ಡಾಕ್ಟರು ‘ಎದೆನೋವು ಇದೆಯಾ?’ ಅಂದಾಗ ‘ನೋವೇನಿಲ್ಲ’ ಅಂದುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಇದರ ಜೊತೆಗೆ ದವಡೆ, ಕುತ್ತಿಗೆ, ಎರಡು ಭುಜದ ನಡುವಿನ ಬೆನ್ನು, ತೋಳು, ಹೊಟ್ಟೆಯ ಮೇಲ್ಭಾಗ, ಇಲ್ಲೆಲ್ಲ ನೋವು ಕಾಣಿಸಬಹುದು. ವಾಕರಿಕೆ, ತಣ್ಣನೆ ಬೆವರು, ಮೇಲುಸಿರು, ತಲೆ ಸುತ್ತು, ಕಾರಣವೇ ಇಲ್ಲದೆ ಕೈಕಾಲು ಬಿದ್ದುಹೋದಂಥ ಸುಸ್ತು ಇವೆಲ್ಲ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ, ತೀರಾ ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಉಸಿರು ಕಟ್ಟಿದ ಹಾಗಾಗಿ, ಬೆವತು, ಅಟ್ಯಾಕ್ ಆಗಿರುವುದನ್ನು ಕಂಡಿದ್ದೇನೆ.

ಗ್ಯಾಸ್ಟ್ರಿಕ್ಕೋ ಹಾರ್ಟೋ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಮನೆಯಲ್ಲಿ ತಿಳಿಯುವುದಿಲ್ಲ. ಈ ಇಡೀ ಬರಹದಲ್ಲಿ ನೀವು ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ.

ನಮ್ಮ ಅತ್ತಿಗೆಗೆ ಆಗ 52 ವರ್ಷ, ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಯುಗಾದಿಯ ಹಿಂದಿನ ದಿನ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಾಗ ಎದೆ ಉರಿ ಶುರುವಾಯಿತು, ಬೆನ್ನೂ ಹಿಡಿದುಕೊಂಡಿತು. ಬೆಳಗಿನಿಂದ ಬರೀ ಕಾಫಿ ಕುಡಿದಿದ್ದಕ್ಕೆ ಗ್ಯಾಸ್ ಆಗಿದೆ ಅಂದುಕೊಂಡು ಜೀರಿಗೆ ಕಷಾಯ ಕುಡಿದರು. ಸೆರಗಿನಿಂದ ಬೆವರು ಒರೆಸಿಕೊಂಡು ಹೂರಣ ಮುಗಿಸಿದರು. ಸಂಜೆ ಅಣ್ಣ ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದ. ‘ಹಬ್ಬದ ಕೆಲಸ, ಟೆನ್ಷನ್, ಗ್ಯಾಸ್ಟ್ರಿಕ್’ ಅಂತ ಹೇಳಿ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ತೆಗೆಯಲಿಲ್ಲ. ದಿನಕ್ಕೆ ಐವತ್ತು ಜನರ ಇಸಿಜಿ ತೆಗೆಯುವ ನಾದಿನಿ ಮೂರು ಕಿಲೋಮೀಟರ್ ದೂರದಲ್ಲಿದ್ದೆ, ನನಗೆ ಫೋನ್ ಬಂದದ್ದು ಮಾರನೆಯ ಬೆಳಿಗ್ಗೆ. ಅತ್ತಿಗೆ ಉಳಿದರು. ಹೃದಯದ ಮಾಂಸದ ಒಂದು ಭಾಗ ಉಳಿಯಲಿಲ್ಲ. ನಮ್ಮವರು ‘ಪಂಪಿಂಗ್’ ಅನ್ನುತ್ತಾರಲ್ಲ, ಒಂದೊಂದು ಬಡಿತಕ್ಕೂ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಅದು ಅವರಿಗೆ ಈಗ ನೂರಕ್ಕೆ 35ರಲ್ಲಿದೆ. ಸಾಮಾನ್ಯವಾಗಿ 55ರ ಮೇಲಿರಬೇಕು.

ಹೃದಯದ ಕೆಳಗೋಡೆಗೆ ಪೆಟ್ಟು ಬಿದ್ದಾಗ ಹೊಟ್ಟೆಯ ಮೇಲ್ಭಾಗದಲ್ಲೇ ಸಂಕಟ ಕಾಣಿಸಬಹುದು, ವಾಂತಿಯೂ ಬರಬಹುದು. ತೇಗು ಬಂದು ಹಗುರಾಯಿತು ಅನ್ನುವುದೂ ಗುರುತಲ್ಲ. ಗ್ಯಾಸ್ಟ್ರಿಕ್ ಗುಳಿಗೆ ತೆಗೆದುಕೊಂಡು ಉರಿ ತಗ್ಗಿತು ಅನ್ನುವುದೂ ಗುರುತಲ್ಲ. ಈ ಸಂಕಟ ನಿಮಗೆ ಹೊಸದಾಗಿದ್ದರೆ, ಬೆವರಿದರೆ, ಉಸಿರು ಸಿಕ್ಕಿಕೊಂಡರೆ, ನಡೆದಾಗ ಹೆಚ್ಚಾಗಿ ಕೂತಾಗ ಇಳಿದರೆ, ಹದಿನೈದು ಇಪ್ಪತ್ತು ನಿಮಿಷ ಕಳೆದರೂ ಬಿಡದಿದ್ದರೆ, ಮೊದಲು ಇಸಿಜಿ. ಅದು ಗ್ಯಾಸ್ಟ್ರಿಕ್ಕೋ ಅಲ್ಲವೋ ಆಮೇಲೆ ನೋಡೋಣ. ಡಾಕ್ಟರು ತಾವಾಗಿ ಬರೆದುಕೊಡದಿದ್ದರೆ, ‘ಡಾಕ್ಟ್ರೇ, ಒಂದು ಇಸಿಜಿ ತೆಗೆಸಿಬಿಡೋಣವಾ?’ ಅಂತ ನೀವೇ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ.

ರಾತ್ರಿ ಹೊತ್ತಲ್ಲಿ ಶುರುವಾದರೆ? ಬೆಳಗಾಗಲಿ ಅಂತ ಕಾಯಬಹುದಾ?

ಬೇಡ. ಕೊಬ್ಬು ಕಟ್ಟಿದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ, ಅದರಾಚೆಯ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ದಾರಿ ತೆರೆಯಲು ಎರಡು ಉಪಾಯ: ಹೆಪ್ಪು ಕರಗಿಸುವ ಇಂಜೆಕ್ಷನ್, ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಿ, ಅಂದರೆ ನಾಳದೊಳಗೆ ಸಣ್ಣ ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕುವುದು. ಎರಡೂ ಮೊದಲ ಕೆಲವು ಗಂಟೆಗಳಲ್ಲಿ ಮಾಡಿದಷ್ಟು ಆಮೇಲೆ ಫಲ ಕೊಡುವುದಿಲ್ಲ.

ರಾತ್ರಿಯಾದರೆ ಒಂದು ಅನುಕೂಲವಾದರೂ ಇದೆ, ಹಗಲು ಒಂದು ಗಂಟೆ ಹಿಡಿಯುವ ರಸ್ತೆ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುತ್ತೆ ಅನಿಸಿದರೆ ಸಿಕ್ಕ ಕಾರು, ಆಟೋ ಹತ್ತಿ. ಸ್ಕೂಟರಿನ ಹಿಂದೆ ಕೂರಬೇಡಿ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿಯುವವರಿಲ್ಲ. ನೀವೇ ಗಾಡಿ ಓಡಿಸಿಕೊಂಡು ಹೋಗುವ ಮಾತಂತೂ ಬೇಡವೇ ಬೇಡ. ಎಲ್ಲಿಗೆ ಹೋಗಬೇಕು ಅಂತ ಅಂಥ ಹೊತ್ತಲ್ಲಿ ಕೂತು ಮೀನ ಮೇಷ ಎಣಿಸುವ ಬದಲು ಇವತ್ತೇ ನಿರ್ಧಾರ ಮಾಡಿ: ನಿಮ್ಮ ಮನೆಗೆ ಹತ್ತಿರ, ಇಪ್ಪತ್ತನಾಲ್ಕು ಗಂಟೆಯೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು? ಅದರ ತುರ್ತು ವಿಭಾಗದ ನಂಬರು ಫ್ರಿಜ್ ಬಾಗಿಲ ಮೇಲಿರಲಿ, ಗ್ಯಾಸ್ ಸಿಲಿಂಡರಿನ ನಂಬರಿನ ಪಕ್ಕದಲ್ಲಿ.

ನಗರದ ಹೊರಗೆ ತಾಲ್ಲೂಕು ಆಸ್ಪತ್ರೆಯೇ ಹತ್ತಿರವಿರುವವರು ಅಲ್ಲಿಗೇ ಮೊದಲು ಹೋಗಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಆಸ್ಪತ್ರೆ ತಲುಪೋ ತನಕ ಏನು ಕೊಡಬಹುದು? ನಾಲಿಗೆ ಕೆಳಗೆ ಇಡೋ ಮಾತ್ರೆ?

ಅಟ್ಯಾಕ್ ಅನ್ನುವ ಅನುಮಾನ ಬಲವಾಗಿದ್ದರೆ, ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದ್ದಿಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗುವುದು ಒಳ್ಳೆಯದು. ಬಾಯಿ ಸೊಟ್ಟಗಾಗಿದ್ದರೆ, ಒಂದು ಕಡೆ ಕೈಕಾಲು ಬಿದ್ದಿದ್ದರೆ, ಮಾತು ತೊದಲುತ್ತಿದ್ದರೆ ಕೊಡಬೇಡಿ, ಅದು ಪಾರ್ಶ್ವವಾಯು ಇರಬಹುದು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರ ಡಾಕ್ಟರು ನಿಮಗೇ ಅಂತ ಬರೆದುಕೊಟ್ಟಿದ್ದರಷ್ಟೇ. ಪಕ್ಕದ ಮನೆಯ ತಾತನ ಮಾತ್ರೆ ಬೇಡ. ಬಿಪಿ ಕಡಿಮೆ ಇದ್ದವರಿಗೆ ಅದು ಇನ್ನೂ ಇಳಿಸಿ ಅಪಾಯ ತರುತ್ತದೆ.

ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮುತ್ತಾ ಇದ್ದರೆ ಬದುಕಬಹುದು ಅಂತ ಒಂದು ವಾಟ್ಸಾಪ್ ಸಂದೇಶ ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅದನ್ನು ನಂಬಿ ಕೆಮ್ಮುತ್ತಾ ಕೂರಬೇಡಿ. ಮೊದಲು ಬಾಗಿಲ ಚಿಲಕ ತೆಗೆಯಿರಿ, ಫೋನ್ ಮಾಡಿ, ಕೆಳಗೆ ಕುಳಿತುಕೊಳ್ಳಿ. ಚಿಲಕ ತೆಗೆಯುವ ಮಾತನ್ನು ಒಬ್ಬಂಟಿ ಇರುವ ನಮ್ಮ ಅಮ್ಮಂದಿರಿಗೆಲ್ಲ ಹೇಳಿಕೊಡಿ.

ಹೆಂಗಸೊಬ್ಬಳು ಕುಸಿದು ಬಿದ್ದರೆ ಎದೆ ಒತ್ತೋದು ಹೇಗೆ, ಮುಟ್ಟೋದಕ್ಕೇ ಸಂಕೋಚ ಅಲ್ವಾ?

ಅಲುಗಾಡಿಸಿದರೆ ಓಗೊಡದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, ಆ ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ. ಎದೆಯ ನಟ್ಟನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡವಿಟ್ಟು, ಇನ್ನೊಂದು ಕೈ ಅದರ ಮೇಲಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಆಂಬುಲೆನ್ಸ್ ಬರುವತನಕ ನಿಲ್ಲಿಸಬಾರದು. ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗೆ ಸಿಕ್ಕಷ್ಟು ಈ ನೆರವು ಸಿಗುವುದಿಲ್ಲ ಅನ್ನುವುದನ್ನು ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಸುತ್ತ ನಿಂತ ಹೆಂಗಸರು ಸೀರೆಯನ್ನೋ ದುಪಟ್ಟಾವನ್ನೋ ಅಡ್ಡ ಹಿಡಿಯಿರಿ, ಒತ್ತಲು ಬರುವವರು ಗಂಡಸರೇ ಆದರೂ ಒತ್ತಲಿ.

ಇಸಿಜಿ ತೆಗೆಯೋವಾಗ ಬಟ್ಟೆ ಬಿಚ್ಚಬೇಕಾ? ಗಂಡಸರು ಇರ್ತಾರಾ?

ಎಷ್ಟೋ ಜನ ಇದೊಂದೇ ಕಾರಣಕ್ಕೆ ಬರುವುದಿಲ್ಲ, ನನಗೆ ಗೊತ್ತು. ಹಾಗಾಗಿ ಒಳಗೆ ಏನಾಗುತ್ತದೆ ಅಂತ ಹಾಗೇ ಹೇಳುತ್ತೇನೆ.

ಮಂಚದ ಮೇಲೆ ಅಂಗಾತ ಮಲಗುತ್ತೀರಿ. ಕೈ ಮಣಿಕಟ್ಟಿಗೆ, ಕಾಲ ಗಿಣ್ಣಿಗೆ ನಾಲ್ಕು ಕ್ಲಿಪ್ಪು. ಎದೆಗೆ ಆರು ಬಟನ್ನು, ತಣ್ಣಗಿನ ಜೆಲ್ಲಿ ಹಚ್ಚಿ. ಮೊದಲೆರಡು ಎದೆಯ ನಡುಮೂಳೆಯ ಆಚೆ ಈಚೆ, ಉಳಿದವು ಎಡ ಸ್ತನದ ಕೆಳಗಿನಿಂದ ಕಂಕುಳ ಕೆಳಗಿನವರೆಗೆ ಬಾಗಿದ ಸಾಲಿನಲ್ಲಿ. ಅದಕ್ಕೇ ರವಿಕೆಯ ಗುಂಡಿ ಬಿಚ್ಚಬೇಕು, ಒಳಉಡುಪು ಸಡಿಲಿಸಬೇಕು. ಬಟನ್ನು ಕೂತ ಮೇಲೆ ಸೆರಗನ್ನೋ ಶೀಟನ್ನೋ ಮೇಲೆ ಹೊದಿಸಬಹುದು, ನಾನು ಯಾವಾಗಲೂ ಹೊದಿಸುತ್ತಿದ್ದೆ. ತಾಳಿ ತೆಗೆಯಬೇಕಾಗಿಲ್ಲ, ಭುಜದ ಮೇಲೆ ಸರಿಸಿದರೆ ಸಾಕು. ಕರೆಂಟು ನಿಮ್ಮ ಮೈಗೆ ಹರಿಯುವುದಿಲ್ಲ. ನಿಮ್ಮ ಹೃದಯದಿಂದ ಹೊರಡುವ ಸಣ್ಣ ಸಂಜ್ಞೆಯನ್ನು ಮಿಷನ್ನು ಕಾಗದದ ಮೇಲೆ ಗೀಚುತ್ತದೆ. ಎಲ್ಲ ಸೇರಿ ಐದು ನಿಮಿಷ, ಗೀಚುವುದು ಅದರಲ್ಲಿ ಹತ್ತು ಸೆಕೆಂಡು.

ಹೆಣ್ಣು ಟೆಕ್ನಿಷಿಯನ್ ಬೇಕು ಅಂತ ಕೇಳಬಹುದು, ಜೊತೆಗೆ ಮಗಳೋ ನರ್ಸೋ ಇರಲಿ ಅಂತಲೂ ಕೇಳಬಹುದು. ಆದರೆ ತುರ್ತು ಹೊತ್ತಿನಲ್ಲಿ ಇದ್ದವರು ತೆಗೆಯಲಿ. ಇನ್ನೊಂದು ಮಾತು, ಇದನ್ನು ನನ್ನ ಜೊತೆ ಕೆಲಸ ಮಾಡಿದವರಿಗೂ ಹೇಳುತ್ತಿದ್ದೆ: ಸಂಕೋಚಪಟ್ಟು ಬಟನ್ನನ್ನು ರವಿಕೆಯ ಅಂಚಿನ ಮೇಲಕ್ಕೇ ಅಂಟಿಸಿದರೆ ಗೆರೆಗಳು ತಪ್ಪಾಗಿ ಬರುತ್ತವೆ. ಇಲ್ಲದ ಅಟ್ಯಾಕ್ ಇದ್ದಂತೆ ಕಾಣಬಹುದು, ಇದ್ದದ್ದು ಮುಚ್ಚಿಹೋಗಬಹುದು. ಆ ಐದು ನಿಮಿಷ ಸಂಕೋಚವನ್ನು ಪರದೆಯಾಚೆ ಬಿಟ್ಟು ಬನ್ನಿ.

ಇಸಿಜಿ ನಾರ್ಮಲ್ ಬಂದರೆ ನಿಶ್ಚಿಂತೆ ತಾನೇ?

ಇಸಿಜಿ ಅಂದರೆ ಆ ಹತ್ತು ಸೆಕೆಂಡಿನ ಫೋಟೋ. ನೋವಿಲ್ಲದ ಹೊತ್ತಲ್ಲಿ ತೆಗೆದದ್ದು ಸರಿಯಾಗಿಯೇ ಬರಬಹುದು. ಅಟ್ಯಾಕ್ ಶುರುವಾದ ಹೊಸತರಲ್ಲೂ ಕೆಲವೊಮ್ಮೆ ಏನೂ ಕಾಣಿಸುವುದಿಲ್ಲ. ನೋವು ಮುಂದುವರಿದರೆ ಮತ್ತೆ ಮತ್ತೆ ತೆಗೆಯಬೇಕು, ಜೊತೆಗೆ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡಬೇಕು. ಹೃದಯದ ಮಾಂಸಕ್ಕೆ ಪೆಟ್ಟಾದಾಗ ರಕ್ತಕ್ಕೆ ಬಿಡುಗಡೆಯಾಗುವ ವಸ್ತು ಅದು. ಏರಲು ಕೆಲವು ಗಂಟೆ ಹಿಡಿಯುವುದರಿಂದ ಎರಡನೇ ಸಲವೂ ರಕ್ತ ತೆಗೆಯುತ್ತಾರೆ. ‘ಮತ್ತೆ ಯಾಕೆ, ಬಿಲ್ಲು ಏರಿಸೋಕಾ?’ ಅಂತ ಜಗಳ ಮಾಡಬೇಡಿ, ಅದು ಬೇಕಾದದ್ದೇ.

ಆಂಜಿಯೋಗ್ರಾಂ ಕ್ಲಿಯರ್ ಅಂದರು. ಆದರೂ ಎದೆ ನೋವು ಹೋಗಿಲ್ಲ. ಮನೆಯವರು ‘ಎಲ್ಲಾ ನಿನ್ನ ಮನಸ್ಸಿನದು’ ಅಂತಾರೆ.

ಮನಸ್ಸಿನದು ಅಂತ ತೀರ್ಮಾನ ಮಾಡಲು ಅವರು ಯಾರು! ಆಂಜಿಯೋಗ್ರಾಂನಲ್ಲಿ, ಅಂದರೆ ಹೃದಯದ ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ, ಕಾಣುವುದು ದೊಡ್ಡ ನಾಳಗಳು ಮಾತ್ರ. ಮುಖ್ಯರಸ್ತೆ ಖಾಲಿ ಇದ್ದು ಒಳಗಿನ ಅಡ್ಡರಸ್ತೆಗಳಲ್ಲಿ ಗಾಡಿ ಸಿಕ್ಕಿಕೊಂಡ ಹಾಗೆ, ಸೂಕ್ಷ್ಮ ನಾಳಗಳು ಸರಿಯಾಗಿ ಹಿಗ್ಗದೆ ನೋವು ಬರಬಹುದು. ದೊಡ್ಡ ನಾಳವೇ ಆಗಾಗ ಸೆಟೆದುಕೊಂಡು ಮತ್ತೆ ಸಡಿಲವಾಗಬಹುದು. ಇವೆರಡಕ್ಕೂ ಚಿಕಿತ್ಸೆ ಇದೆ. ದೊಡ್ಡ ಅಡಚಣೆಯಿಲ್ಲದ ಎದೆನೋವು ಹೆಂಗಸರಲ್ಲೇ ಹೆಚ್ಚು. ಇನ್ನೊಂದು ಬಗೆಯಲ್ಲಿ, ಕೊಬ್ಬೇ ಇಲ್ಲದ ನಾಳದ ಒಳಪದರ ತಾನಾಗಿ ಸೀಳಿ ಅಟ್ಯಾಕ್ ಆಗುತ್ತದೆ. ನಡುವಯಸ್ಸಿನ, ಬೇರಾವ ಕಾಯಿಲೆಯೂ ಇಲ್ಲದ ಹೆಂಗಸರಲ್ಲಿ, ಹೆರಿಗೆಯಾದ ಹೊಸತರಲ್ಲಿ ಇದನ್ನು ಕಾಣುತ್ತೇವೆ. ನೋವು ಇದ್ದರೆ ‘ಕ್ಲಿಯರ್’ ಅನ್ನುವ ಕಾಗದ ಹಿಡಿದುಕೊಂಡೇ ಮತ್ತೆ ಹೋಗಿ ಕೇಳಿ.

ದುಃಖದಿಂದ ಎದೆ ಒಡೆಯುತ್ತೆ ಅಂತಾರಲ್ಲ, ಅದು ಬರೀ ಮಾತಾ?

ಅಲ್ಲ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಟಾಕೋತ್ಸುಬೋ ಅಂತ ಹೆಸರಿಟ್ಟರು. ಅಲ್ಲಿ ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯ ಹೆಸರದು, ಹೃದಯದ ಎಡ ಕೋಣೆ ಆ ಆಕಾರಕ್ಕೆ ಉಬ್ಬಿಕೊಳ್ಳುತ್ತದೆ. ಸಾವಿನ ಸುದ್ದಿ, ದೊಡ್ಡ ಆಘಾತದ ಬೆನ್ನಿಗೇ ಅಟ್ಯಾಕಿನಂತೆಯೇ ಬರುತ್ತದೆ. ಬಹುಪಾಲು ಮುಟ್ಟು ನಿಂತ ಹೆಂಗಸರಿಗೆ. ಹೆಚ್ಚಿನವರು ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಆಸ್ಪತ್ರೆಯಲ್ಲಿ ನೋಡಿಕೊಂಡರೆ. ಸಾವಿನ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ ‘ಅಳಲಿ ಬಿಡಿ, ಹಗುರಾಗುತ್ತೆ’ ಅನ್ನಬೇಡಿ.

ಬಸುರಿಯಲ್ಲಿ ಬಿಪಿ ಬಂದಿತ್ತು, ಹೆರಿಗೆ ಆದ ಮೇಲೆ ಹೋಯ್ತು. ಅದಕ್ಕೂ ಹಾರ್ಟಿಗೂ ಏನು ಸಂಬಂಧ?

ತುಂಬ ಸಂಬಂಧವಿದೆ, ಇದನ್ನು ನಮಗೆ ಹೇಳುವವರೇ ಕಡಿಮೆ. ಬಸುರಿಯಲ್ಲಿ ಬಿಪಿ ಏರಿ ಪ್ರೀಎಕ್ಲಾಂಪ್ಸಿಯಾ, ಅಂದರೆ ಕಾಲು ಮುಖ ಊದಿಕೊಂಡು ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ, ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಸುರಿಯಲ್ಲಿ ಬರುವ ಸಕ್ಕರೆ, ದಿನ ತುಂಬುವ ಮೊದಲೇ ಹೆರಿಗೆ ಇವೂ ಅಪಾಯದ ಗುರುತುಗಳೇ. ಮಗುವಿನ ತಾಯಿ ಕಾರ್ಡನ್ನು ಎಸೆಯಬೇಡಿ. ಮಗುವಿಗೆ ಇಪ್ಪತ್ತು ವರ್ಷವಾದ ಮೇಲೂ ಹೃದಯದ ಡಾಕ್ಟರಿಗೆ ‘ಬಸುರಿಯಲ್ಲಿ ಬಿಪಿ ಇತ್ತು’ ಅನ್ನುವುದನ್ನು ಮೊದಲ ಮಾತಾಗಿ ಹೇಳಿ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿ.

ಬಾಣಂತಿಯರ ಬಗ್ಗೆ ಇನ್ನೊಂದು ವಿಷಯ. ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳವರೆಗೆ ಹೃದಯದ ಮಾಂಸವೇ ದುರ್ಬಲವಾಗುವ ಒಂದು ಕಾಯಿಲೆ ಇದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕಾಗುತ್ತದೆ, ಕಾಲು ಊದುತ್ತದೆ. ತವರಿನಲ್ಲಿ ‘ಶೀತ ಆಗಿದೆ, ಬಾಣಂತಿ ನಂಜು’ ಅಂತ ಮೆಣಸಿನ ಸಾರು, ಸಾಂಬ್ರಾಣಿ ಹೊಗೆಯಲ್ಲೇ ದಿನ ಕಳೆಯುತ್ತಾರೆ. ಎರಡು ದಿಂಬಿಟ್ಟುಕೊಂಡರೂ ಮಲಗಲಾಗದ ಬಾಣಂತಿಯನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದಿತ್ತು. ಈಗ ಮೆಟ್ಟಿಲು ಹತ್ತಿದರೆ ದಮ್ಮು.

ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿ, ತಡ ಮಾಡಬೇಡಿ. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ವಾಲ್ವನ್ನು ಹಾಳುಮಾಡುತ್ತದೆ, ಮಿಟ್ರಲ್ ವಾಲ್ವ್ ಕಿರಿದಾಗುವುದು ಹೆಂಗಸರಲ್ಲೇ ಹೆಚ್ಚು. ಎಷ್ಟೋ ಹುಡುಗಿಯರಿಗೆ ಅದು ಗೊತ್ತಾಗುವುದೇ ಮೊದಲ ಬಸುರಿಯಲ್ಲಿ, ರಕ್ತದ ಪ್ರಮಾಣ ಏರಿ ವಾಲ್ವಿನ ಮೇಲೆ ಹೊರೆ ಬಿದ್ದಾಗ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ನೋವಾಗುತ್ತೆ ಅಂತ ತಪ್ಪಿಸಬೇಡಿ. ಮದುವೆಯ ಮಾತುಕತೆ ನಡೆಯುತ್ತಿದೆ ಅಂತ ಮಗಳ ಹೃದಯದ ಫೈಲು ಬೀರುವಿನಲ್ಲಿ ಮುಚ್ಚಿಟ್ಟ ತಂದೆತಾಯಿಯರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳ ಜೀವ ದೊಡ್ಡದು.

ಮುಟ್ಟು ನಿಂತ ಮೇಲೆ ಅಪಾಯ ಜಾಸ್ತಿಯಾ? ಹಾರ್ಮೋನ್ ಮಾತ್ರೆ ತಗೊಂಡರೆ?

ಮುಟ್ಟು ನಿಂತ ಮೇಲೆ ಬಿಪಿ, ಕೊಲೆಸ್ಟರಾಲ್, ಹೊಟ್ಟೆಯ ಸುತ್ತಳತೆ ಮೂರೂ ಏರುವುದು ಸಾಮಾನ್ಯ. 45ಕ್ಕೆ ಮೊದಲೇ ನಿಂತವರು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಇದ್ದಕ್ಕಿದ್ದಂತೆ ಮೈ ಬಿಸಿಯೇರುವ ತೊಂದರೆಗೆ ಡಾಕ್ಟರು ಹಾರ್ಮೋನ್ ಕೊಡಬಹುದು, ಹೃದಯ ಕಾಪಾಡಲಿ ಅಂತ ಕೊಡುವುದಿಲ್ಲ. ಪಿಸಿಒಡಿ, ಲೂಪಸ್, ರುಮಟಾಯ್ಡ್ ಕೀಲುವಾತ, ಎಡ ಸ್ತನಕ್ಕೆ ರೇಡಿಯೇಷನ್ ಇವೂ ಡಾಕ್ಟರಿಗೆ ಹೇಳಬೇಕಾದ ವಿಷಯಗಳು.

ನಾನು ಸಿಗರೇಟು ಸೇದಲ್ಲ, ಕುಡಿಯಲ್ಲ. ನನಗ್ಯಾಕೆ ಬರುತ್ತೆ?

ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತೀರಾ? ಹೊಗೆಸೊಪ್ಪು? ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕ ತಾಯಂದಿರು, ಪೀಣ್ಯದ ಗಾರ್ಮೆಂಟ್ಸಿನ ಅಕ್ಕಂದಿರು ಎಷ್ಟೋ ಜನ ‘ಹಸಿವು ತಡೆಯೋಕೆ’ ಅಂತ ಹಾಕುವುದನ್ನು ನನಗೇ ಹೇಳಿದ್ದಾರೆ. ಅದೂ ತಂಬಾಕೇ. ಮನೆಯೊಳಗೆ ಗಂಡ ಸೇದುವ ಬೀಡಿಯ ಹೊಗೆ, ಸೌದೆ ಒಲೆಯ ಹೊಗೆ ಎರಡೂ ಲೆಕ್ಕಕ್ಕೆ ಬರುತ್ತವೆ. ಇನ್ನು ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಹೊಟ್ಟೆ ಬೊಜ್ಜು ಇವು ಯಾವ ಚಟವೂ ಇಲ್ಲದವರಿಗೂ ಬರುತ್ತವೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ರವಿಕೆ ಹೊಲಿಯುವವರ ಟೇಪು ತೆಗೆದುಕೊಂಡು ಇವತ್ತೇ ಅಳೆದು ನೋಡಿ.

ಬೆಳಗಿಂದ ರಾತ್ರಿ ತನಕ ಮನೆಕೆಲಸ. ಅದೇ ವ್ಯಾಯಾಮ ಅಲ್ವಾ?

ಕೆಲಸ ಹೌದು. ಆದರೆ ನಿಂತಲ್ಲೇ ನಿಂತು ದೋಸೆ ಹುಯ್ದರೆ ಹೃದಯಕ್ಕೆ ಬೇಕಾದ ಓಟ ಸಿಗುವುದಿಲ್ಲ. ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಬಿರುಸಿನ ನಡಿಗೆ ಬೇಕು. ‘ಟೈಮೆಲ್ಲಿದೆ?’ ಅನ್ನುವವರ ಮನೆಯವರಿಗೆ ನನ್ನ ಮಾತು: ದಿನಕ್ಕೆ ಅರ್ಧ ಗಂಟೆ ಆಕೆಯ ಕೈಯಿಂದ ಕೆಲಸ ತೆಗೆದುಕೊಳ್ಳಿ.

ಊಟದಲ್ಲಿ ಏನು ಬಿಡಬೇಕು? ತುಪ್ಪ ತಿನ್ನಬಹುದಾ?

ತುಪ್ಪ ಒಂದು ಚಮಚಕ್ಕೆ ನಿಂತರೆ ಅದರ ಜಗಳ ಸಾಕು. ನನಗೆ ಹೆಚ್ಚು ಚಿಂತೆ ಉಪ್ಪಿನದು. ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚ, ಸಾರು ಪಲ್ಯ ಎಲ್ಲ ಸೇರಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ನು, ಇವುಗಳಲ್ಲೇ ಅದು ಮುಗಿದುಹೋಗುತ್ತದೆ. ಪಫ್ಸು, ಬಿಸ್ಕತ್ತಿನ ವನಸ್ಪತಿ, ಬೋಂಡಾ ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸುವುದು ಬೇಡ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಕೋಸಂಬರಿ ನಮ್ಮದೇ ಊಟ, ಒಳ್ಳೆಯ ಊಟ. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ, ಉಳಿದದ್ದು ಕೆಡಬಾರದು ಅಂತ ಎರಡರಷ್ಟು ಅನ್ನ ಉಣ್ಣುವುದನ್ನು ಮಾತ್ರ ಬಿಡಿ.

ಯಾವ ವಯಸ್ಸಿಂದ ಯಾವ ಪರೀಕ್ಷೆ? ಖರ್ಚಿಗೆ ಹೆದರಿಕೆ.

30 ದಾಟಿದವರೆಲ್ಲ ಬಿಪಿ, ಸಕ್ಕರೆ ನೋಡಿಸಬೇಕು. ನಿಮ್ಮ ವಾರ್ಡಿನ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಬಿಪಿ 140/90 ಅಥವಾ ಹೆಚ್ಚು ಅಂತ ಬೇರೆ ಬೇರೆ ದಿನ ಬಂದರೆ ಅದು ಕಾಯಿಲೆಯೇ, ‘ಟೆನ್ಷನ್‌ಗೆ ಬಂದದ್ದು’ ಅಲ್ಲ. ಜೊತೆಗೆ ಕೊಲೆಸ್ಟರಾಲ್. ಆಮೇಲೆ ಏನು ಬೇಕೋ ಡಾಕ್ಟರು ಹೇಳಲಿ. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆಗೆ ನಸುಕಿಗೇ ಬಂದು ಸಾಲು ನಿಂತರು. ಹೆದರಿಕೆಯಲ್ಲಿ ಒಂದು ದಿನ ಸಾಲು ನಿಲ್ಲುವುದಕ್ಕಿಂತ ವರ್ಷಕ್ಕೊಮ್ಮೆ ಮನೆ ಪಕ್ಕದಲ್ಲೇ ಬಿಪಿ ನೋಡಿಸಿಕೊಂಡರೆ ಹೆಚ್ಚು ಜೀವ ಉಳಿಯುತ್ತದೆ.

ಖರ್ಚಿನ ವಿಷಯ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಗಾರ್ಮೆಂಟ್ಸಿನವರಿಗೆ ಇಎಸ್‌ಐ ಕಾರ್ಡಿದೆ, ರಾಜಾಜಿನಗರದ ಆಸ್ಪತ್ರೆ ಇದೆ. ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ದುಡ್ಡಿಲ್ಲದೆ ಹೋಗಬಹುದು, 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ನಿಲ್ದಾಣವೂ ಅಲ್ಲಿದೆ. ಆಧಾರ್, ರೇಷನ್ ಕಾರ್ಡು, ಹಳೆಯ ಇಸಿಜಿ ಒಂದೇ ಕವರಿನಲ್ಲಿರಲಿ. ಹಳೆಯ ಇಸಿಜಿ ಮುಖ್ಯ, ಹೊಸದರ ಪಕ್ಕ ಇಟ್ಟು ನೋಡಿದಾಗಲೇ ಎಷ್ಟೋ ಬದಲಾವಣೆ ಕಾಣುವುದು.

ಸ್ಟೆಂಟ್ ಹಾಕಿ ಆರು ತಿಂಗಳಾಯ್ತು, ಚೆನ್ನಾಗಿದ್ದೀನಿ. ಮಾತ್ರೆ ನಿಲ್ಲಿಸಬಹುದಾ?

ನೀವಾಗಿ ನಿಲ್ಲಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಟ್ಟನೆ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಮೊದಲು ಹೃದಯದ ಡಾಕ್ಟರನ್ನು ಕೇಳಿ. ತಿಂಗಳ ಕೊನೆಯಲ್ಲಿ ದುಡ್ಡು ಸಾಲದೆ ಗಂಡನ ಮಾತ್ರೆ ತಂದು ತನ್ನದು ಬಿಟ್ಟವರಿದ್ದಾರೆ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ, ಇಬ್ಬರದ್ದೂ ತನ್ನಿ.

ಅಮ್ಮ ಏನೂ ಹೇಳಿಕೊಳ್ಳೋದೇ ಇಲ್ಲ. ಕೇಳಿದರೆ ‘ಚೆನ್ನಾಗಿದ್ದೀನಿ’ ಅಂತಾರೆ. ಹೇಗೆ ತಿಳಿಯೋದು?

‘ಹೇಗಿದ್ದೀಯ?’ ಅಂತ ಕೇಳಬೇಡಿ. ಬಟ್ಟೆ ಒಣಹಾಕೋಕೆ ಟೆರೇಸಿಗೆ ಈಗಲೂ ನೀನೇ ಹೋಗ್ತೀಯಾ? ಗವಿಗಂಗಾಧರೇಶ್ವರನ ಗುಡಿಗೆ ಕೊನೆಗೆ ಹೋದದ್ದು ಯಾವಾಗ? ಮಾರ್ಕೆಟ್ಟಿನಿಂದ ಬರುವಾಗ ಎಲ್ಲಿ ಕೂತುಕೊಳ್ತೀಯಾ? ರಾತ್ರಿ ಎಷ್ಟು ದಿಂಬು? ಕಾಲ್ಗೆಜ್ಜೆ ಬಿಗಿಯಾಗಿದೆಯಾ? ಹೀಗೆ ಕೇಳಿ. ಮೂರು ತಿಂಗಳ ಹಿಂದೆ ಮಾಡುತ್ತಿದ್ದ ಕೆಲಸ ಈಗ ಮಾಡುತ್ತಿಲ್ಲ ಅಂದರೆ ‘ವಯಸ್ಸಾಯ್ತು, ರಕ್ತ ಕಡಿಮೆ’ ಅಂತ ಸುಮ್ಮನಾಗಬೇಡಿ, ಆ ವಾರವೇ ತೋರಿಸಿ.

ಬರುವುದಿಲ್ಲ ಅಂದರೆ, ‘ನನ್ನ ಬಿಪಿ ತೋರಿಸಬೇಕು, ಜೊತೆಗೆ ಬಾ’ ಅನ್ನಿ. ಮಗಳ ಫೈಲು ಹಿಡಿದುಕೊಂಡು ಹಾಗೆ ಬಂದ ಎಷ್ಟೋ ಅಮ್ಮಂದಿರನ್ನು, ‘ಬಂದಿದ್ದೀರಲ್ಲಾ, ಚಪ್ಪಲಿ ಬಿಟ್ಟು ಮಲಗಿ, ಐದು ನಿಮಿಷ’ ಅಂತ ಅದೇ ಮಂಚದ ಮೇಲೆ ಮಲಗಿಸಿ ಇಸಿಜಿ ತೆಗೆದಿದ್ದೇನೆ.